ನಡುಗಡ್ಡೆಯ ಬಾಣಂತನ

ಕಾಗದ ಬಂದದ್ದು ಮಧ್ಯಾಹ್ನ ಎಂದು ಮೊದಲು ಬರೆದಿದ್ದೆ. ಬರೆದ ಮೇಲೆ ಅನುಮಾನ ಬಂತು. ಮಧ್ಯಾಹ್ನ ನಾನು ಮನೆಯಲ್ಲಿ ಇರುತ್ತಿರಲಿಲ್ಲ, ಶಾಲೆಯಲ್ಲಿ ಹುಡುಗಿಯರಿಗೆ ಭೂಗೋಳ ಹೇಳಿಕೊಡುತ್ತಿದ್ದೆ. ಭಾನುವಾರ ಇದ್ದಿರಬಹುದು ಎಂದರೆ ಭಾನುವಾರ ಟಪಾಲಿಲ್ಲ. ಆದರೂ ಆ ಕಾಗದದ ಜೊತೆಗೆ ಕಣ್ಣಿಗೆ ಕಟ್ಟುವುದು ಮಧ್ಯಾಹ್ನವೇ: ಮಧುಗಿರಿಯ ಬೆಟ್ಟ ಕಾದು ಬೆಳ್ಳಗಾಗಿದೆ, ಜಗಲಿಯ ಮೇಲೆ ಅಕ್ಕ ಕೂತಿದ್ದಾಳೆ, ಕಾಗದ ಅವಳ ಮಡಿಲಲ್ಲಿದೆ. ನೆನಪು ತನಗೆ ಬೇಕಾದ ಬಿಸಿಲನ್ನು ತಾನೇ ತಂದುಕೊಳ್ಳುತ್ತದೆ. ಹಾಗಾಗಿ ಇಲ್ಲಿ ಬರುವ ಹೊತ್ತು, ಬೆಳಕು, ಹವೆ ಯಾವುದನ್ನೂ ಪೂರ್ತಿ ನಂಬಬೇಡಿ. ಮಾತುಗಳನ್ನು ನಂಬಬಹುದು. ಅವು ನನ್ನನ್ನು ಬಿಟ್ಟಿಲ್ಲ.

ಎಂಬತ್ತರ ದಶಕ ಶುರುವಾಗಿ ಒಂದೆರಡು ವರ್ಷ ಕಳೆದಿತ್ತು. ಮನೆಯಲ್ಲಿ ಅವ್ವ, ಅಕ್ಕ, ನಾನು, ಮೂವರು ಹೆಂಗಸರು. ತಮ್ಮ ಮದುವೆಯಾಗಿ ಪಾವಗಡದಲ್ಲಿದ್ದ. ಕಾಗದ ಬರೆದವಳು ಅದಕ್ಕೂ ಕೆಲವು ವರ್ಷ ಹಿಂದೆ ನಮ್ಮ ಹಿತ್ತಲ ಕಡೆಯ ಕೋಣೆಯಲ್ಲಿ ಬಾಡಿಗೆಗಿದ್ದ ಬಿಳಿಯ ಹೆಂಗಸು. ಕಂಬಳಿ ನೇಯುವುದನ್ನು ಕಲಿಯಲು ಅಷ್ಟು ದೂರದಿಂದ ಬಂದಿದ್ದಳು. ಸಿರಾ ಕಡೆಯ, ಪಾವಗಡ ಕಡೆಯ ಹಟ್ಟಿಗಳನ್ನು ಸುತ್ತಿ, ಕುರಿಯ ಉಣ್ಣೆ ಕತ್ತರಿಸುವುದು, ನೂಲುವುದು, ನೇಯ್ದದ್ದಕ್ಕೆ ಹುಣಸೆಬೀಜದ ಗಂಜಿ ಬಳಿಯುವುದು ಎಲ್ಲ ಕಲಿತಳು. ನಮ್ಮದೂ ಕುರಿ ಮೇಯಿಸಿದ ಮನೆತನವೇ. ನನ್ನ ತಾತನ ಕಾಲಕ್ಕೇ ಕುರಿ ಬಿಟ್ಟಿದ್ದೆವು, ಆದರೂ ಉಣ್ಣೆಯ ವಾಸನೆ ಹೊತ್ತು ಅವಳು ಪಕ್ಕದಲ್ಲಿ ಕೂತರೆ ಅವ್ವ ತನ್ನ ತವರಿನವಳು ಬಂದಹಾಗೆ ಮಾತಾಡುತ್ತಿದ್ದಳು. ಬೀದಿಯವರು ಅವಳನ್ನು ದೊರೆಸಾನಿ ಅನ್ನುತ್ತಿದ್ದರು. ಅವಳಿಗೆ ಟೈಫಾಯಿಡ್ ಬಂದು ಮಲಗಿದಾಗ ಅಕ್ಕ ಹಗಲೂ ರಾತ್ರಿ ಪಕ್ಕದಲ್ಲಿದ್ದು ಗಂಜಿ ಕುಡಿಸಿ ಎಬ್ಬಿಸಿದ್ದಳು. ಊರಿಗೆ ಹೋಗುವಾಗ ಅವಳು ಅಕ್ಕನನ್ನು ತಬ್ಬಿಕೊಂಡು ಅತ್ತಳು. ಅಕ್ಕ ಅಳಲಿಲ್ಲ, ಬಸ್ಸು ಹೋದ ಮೇಲೆ ಕೋಣೆ ಸಾರಿಸಿದಳು.

ಅವಳ ಊರು ಮೆಡಿಟರೇನಿಯನ್ ಸಮುದ್ರದ ಒಂದು ದ್ವೀಪ. ಶಾಲೆಯ ಗೋಡೆಗೆ ನೇತುಹಾಕಿದ ಭೂಪಟದಲ್ಲಿ ಆ ನೀಲಿಯನ್ನು ಕೋಲಿನಿಂದ ಎಷ್ಟೋ ವರ್ಷ ತೋರಿಸಿದ್ದೆ. ದ್ವೀಪ ಅದರಲ್ಲಿ ನೊಣ ಕೂತು ಹೋದಷ್ಟೇ ಇತ್ತು.

ಕಾಗದವನ್ನು ನಾನು ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡುತ್ತಾ ಓದಿದೆ. ಮೇ ತಿಂಗಳಲ್ಲಿ ಇಬ್ಬರೂ ಬನ್ನಿ, ಟಿಕೆಟ್ಟು ನಾನೇ ಕಳಿಸುತ್ತೇನೆ. ನಮ್ಮ ಮನೆಯವರದೊಂದು ಸಣ್ಣ ವಸತಿಗೃಹವಿದೆ, ಸಮುದ್ರಕ್ಕೆ ಹತ್ತಿರ. ಆ ಕಾಲಕ್ಕೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ, ಹಾಡುತ್ತಾರೆ, ಕುಡಿಯುತ್ತಾರೆ, ಬೆಳಗಾಗುವ ತನಕ ಕುಣಿಯುತ್ತಾರೆ, ಹಗಲೆಲ್ಲ ಮರಳಿನ ಮೇಲೆ ಮಲಗುತ್ತಾರೆ. ನೀವು ಬಂದು ಏನೂ ಮಾಡದೆ ಇರಬೇಕು. ಅಕ್ಕ ಒಂದು ಲೋಟ ಕೂಡ ತೊಳೆಯಬಾರದು.

"ಏನ್ ಕಾರ್ಯ ಐತಂತೆ ಅವ್ಳ ಮನೇಲಿ?" ಅವ್ವ ಕೇಳಿದಳು.

"ಕಾರ್ಯ ಏನೂ ಇಲ್ಲವ್ವ. ಸುಮ್ನೆ ಬಂದು ಇದ್ದು ಹೋಗ್ರಿ ಅಂತಾಳೆ."

"ಸುಮ್ನೆ ಯಾರೇ ಕರೀತಾರೆ? ಇಲ್ಲೇ ಪುರವರದಾಗವ್ಳೆ ನಿಮ್ಮ ಚಿಕ್ಕವ್ವ, ಒಂದಿನಾನಾದ್ರೂ ಸುಮ್ನೆ ಬಾ ಅಂದವ್ಳಾ?"

"ಅವ್ರ ಕಡೆ ಅಂಗೆ ಕರೀತಾರೆ."

"ಅವ್ರ ಕಡೆ ಕತ್ತೆ ಕಾಯ್ತಾರೆ" ಅಂದಳು ಅವ್ವ. ಅಂದರೆ ನಂಬಲಿಲ್ಲ ಎಂದು ಅರ್ಥ.

ಅಕ್ಕ ಕಾಳು ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟಳು. "ಇನ್ನೊಂದ್ಸಲ ಓದು."

"ಎಲ್ಲಿಂದ?"

"ಬೆಳಗಾಗೋಗಂಟ ಕುಣೀತಾರೆ ಅಂದ್ಯಲ್ಲ, ಅಲ್ಲಿಂದ."

ಓದಿದೆ. ಅಕ್ಕ ತಲೆ ತಗ್ಗಿಸಿ ಕೇಳಿದಳು. ಕೇಳಿ ಮುಗಿದ ಮೇಲೆ ಮೊರವನ್ನು ಮತ್ತೆ ಎತ್ತಿಕೊಂಡಳು. ಅವಳ ಮುಖದಲ್ಲಿ ಆಗ ಏನಿತ್ತು ಎಂದು ಹೇಳಬಲ್ಲೆ ಅನ್ನಿಸುತ್ತದೆ, ಆದರೆ ಅದು ಆಮೇಲೆ ಗೊತ್ತಾದದ್ದನ್ನು ಹಿಂದಕ್ಕೆ ಬಳಿಯುವ ಕೆಲಸ. ಆಗ ನಾನು ನೋಡಲಿಲ್ಲ. ಆಗ ನಾನು ನನ್ನ ಪಾಡಿಗೆ ಆ ಮರಳಿನ ಮೇಲೆ ಮಲಗಿದ್ದೆ.

ನಮ್ಮಲ್ಲಿ ಹೆಂಗಸರು ಊರು ಬಿಟ್ಟು ಹೊರಡಬೇಕಾದರೆ ಒಂದು ಕಾರಣ ಬೇಕು. ಮದುವೆ, ಸಾವು, ದೇವರು, ಬಾಣಂತನ. ಇವಿಷ್ಟರಲ್ಲಿ ಒಂದು ಇಲ್ಲದೆ ಬಸ್ಸು ಹತ್ತಿದವಳನ್ನು ಜನ ಬಸ್ಸು ಇಳಿಯುವ ತನಕ ಮಾತಾಡುತ್ತಾರೆ. ಅಕ್ಕನಿಗೆ ಸಿಕ್ಕಿದ ಕಾರಣ ಬಾಣಂತನ. ಅವಳ ಗಂಡ ಕೊರಟಗೆರೆಯಲ್ಲಿ ಇನ್ನೊಂದು ಸಂಸಾರ ಮಾಡಿಕೊಂಡ ಮೇಲೆ ಅವಳು ಮನೆಗೆ ಬಂದಳು, ಮಕ್ಕಳಿರಲಿಲ್ಲ. ಅಲ್ಲಿಂದ ಮುಂದೆ ನಮ್ಮ ಕುಲದಲ್ಲಿ ಯಾರಿಗೆ ಹೆರಿಗೆಯಾದರೂ ಅಕ್ಕನಿಗೆ ಹೇಳಿಕಳಿಸುತ್ತಿದ್ದರು. ಸಿರಾಕ್ಕೆ ಹೋದದ್ದು ಚಿಕ್ಕಪ್ಪನ ಮಗಳ ಬಾಣಂತನಕ್ಕೆ. ಪುರವರಕ್ಕೆ ಎರಡು ಸಲ, ಪಾವಗಡಕ್ಕೆ ಒಂದು ಸಲ. ಸಿದ್ದರಬೆಟ್ಟದ ಕೆಳಗಿನ ಊರಲ್ಲಿ ಮೂರು ತಿಂಗಳಿದ್ದೂ ಬೆಟ್ಟ ಹತ್ತಿರಲಿಲ್ಲ. "ನೀರು ಕಾಯ್ಸೋದ್ ಬುಟ್ಟು ಬೆಟ್ಟ ಹತ್ತಾಕಾಯ್ತದಾ?" ಎಂದಿದ್ದಳು. ಹೋದಲ್ಲೆಲ್ಲ ಅವಳು ನೋಡಿದ್ದು ಬಚ್ಚಲ ಒಲೆ, ಕತ್ತಲೆ ಕೋಣೆ, ಹೊರಸಿನ ಕೆಳಗಿನ ಕೆಂಡ.

ಎರಡು ದಿನ ಅವ್ವ ಅದೇ ರಾಗ ಎಳೆದಳು, ಸುಮ್ನೆ ಯಾರು ಕರೀತಾರೆ, ಸುಮ್ನೆ ಯಾರು ಕರೀತಾರೆ. ಮೂರನೆಯ ದಿನವೋ ನಾಲ್ಕನೆಯ ದಿನವೋ ಅಕ್ಕ ಒಲೆಯ ಮುಂದೆ ಕೂತು ಹೇಳಿದಳು: "ಅವ್ಳು ಬಸುರಿ ಇರ್ಬೇಕು ಕಣವ್ವ."

ನಾನು ನಕ್ಕೆ. "ಅಂಥದ್ದೇನೂ ಬರ್ದಿಲ್ಲ ಅಕ್ಕ."

"ಅಂಥದ್ದ ಬರೀತಾರಾ ಯಾರಾದ್ರೂ?"

"ಗಂಡ ಇಲ್ದೋಳ್ಗೆ ಎಂಥ ಬಸುರೇ?" ಅಂದಳು ಅವ್ವ.

"ಅದ್ಕೇ ಬರ್ದಿಲ್ಲ."

ಅವ್ವ ಎದ್ದು ಬಂದು ಅಕ್ಕನ ಪಕ್ಕ ಕೂತಳು. ಆ ಗಳಿಗೆಯಿಂದ ಕಾಗದದ ಅರ್ಥವೇ ಬದಲಾಯಿತು. ಅಕ್ಕ ಲೋಟ ಕೂಡ ತೊಳೆಯಬಾರದು ಎಂಬ ಮಾತು ಸಂಕೋಚವಾಯಿತು. ಟಿಕೆಟ್ಟು ಕಳಿಸುತ್ತೇನೆ ಎಂಬುದು ಗೋಳಾಟವಾಯಿತು. ಸಂಜೆಯ ಹೊತ್ತಿಗೆ ಅವ್ವ ಪಕ್ಕದ ಮನೆಯವಳ ಹತ್ತಿರ ದನಿ ತಗ್ಗಿಸಿ, "ಪಾಪ, ಹೆತ್ತೋರ್ಗೂ ಯೋಳಿಲ್ಲ ಅಂತ ಕಾಣ್ತದೆ, ನಮ್ ಹುಡುಗೀನ ನೆಪ್ಪಿಟ್ಕಂಡು ಕರ್ದವ್ಳೆ" ಅನ್ನುತ್ತಿದ್ದಳು. ನಾನು ಮತ್ತೆ ಮತ್ತೆ ಕಾಗದ ಓದಿ ಹೇಳಿದೆ. ಓದಿದಷ್ಟೂ ಅವರಿಗೆ ಅದರಲ್ಲಿ ಬಾಣಂತಿ ಇನ್ನಷ್ಟು ಸ್ಪಷ್ಟವಾಗಿ ಕಂಡಳು. ಕೊನೆಗೆ ಹೇಳುವುದನ್ನು ಬಿಟ್ಟೆ. ಬಿಟ್ಟದ್ದಕ್ಕೆ ಕಾರಣ ಕೂಡ ಗೊತ್ತಿತ್ತು: ಈ ನೆಪದಲ್ಲಾದರೂ ಹೊರಡುವುದು ಸುಲಭವಾಗುತ್ತಿತ್ತು. ನನಗೆ ಹೋಗಬೇಕಿತ್ತು. ಏನೂ ಮಾಡದೆ ಇರಲು ಹೋಗಬೇಕಿತ್ತು. ಹಾಗೆ ಬೇಕೆನ್ನಿಸುವುದಕ್ಕೇ ನಾಚಿಕೆಯಾಗುತ್ತಿತ್ತು, ಯಾಕೆಂದರೆ ಪಕ್ಕದಲ್ಲೇ ಅಕ್ಕ ಶುಂಠಿ ಒಣಗಿಸುತ್ತಿದ್ದಳು, ಮೆಣಸು ಹುರಿಯುತ್ತಿದ್ದಳು, ಅವ್ವನ ಹಳೆಯ ನೂಲಿನ ಸೀರೆಗಳನ್ನು ಮಗುವಿನ ಬಟ್ಟೆಗೆಂದು ಹರಿದು ಮಡಿಸುತ್ತಿದ್ದಳು. ಒಬ್ಬಳು ಮಜಾ ಮಾಡಲು, ಒಬ್ಬಳು ಬಾಣಂತಿಗೆ ನೀರು ಹಾಕಲು, ಒಂದೇ ವಿಮಾನದಲ್ಲಿ.

ಬೀದಿಯೆಲ್ಲ ನಮ್ಮನ್ನು ಕಳಿಸಲು ನಿಂತಿತು. ಪಾಸ್‌ಪೋರ್ಟಿನ ವಿಚಾರಣೆಗೆ ಬಂದ ಪೇದೆ, "ಯಾಕೆ ಹೋಗ್ತಿದೀರಿ?" ಎಂದು ನನ್ನನ್ನು ಕೇಳಿದರೆ ಒಳಗಿನಿಂದ ಅವ್ವ "ಬಾಣಂತನಕ್ಕಪ್ಪ" ಅಂದಳು. ಅವನು "ಒಳ್ಳೇ ಕೆಲಸ" ಎಂದು ಮಜ್ಜಿಗೆ ಕುಡಿದು ಹೋದ.

ನನ್ನ ಜೊತೆಯ ಟೀಚರೊಬ್ಬಳು ಸಿರಾದವಳು. ಅವಳ ಅಣ್ಣ ಕುವೈತಿನಲ್ಲಿ ಕೆಲಸ ಮಾಡಿ ಬಂದವರು, ತಮ್ಮ ಸೂಟ್‌ಕೇಸು ಕೊಡಲು ಒಂದು ದಿನ ಮನೆಗೆ ಬಂದರು. ದೊರೆಸಾನಿಯನ್ನು ಬಿಟ್ಟರೆ ವಿಮಾನ ಹತ್ತಿದವರು ನಮ್ಮ ಮನೆಯಲ್ಲಿ ಕೂತದ್ದು ಅದೇ ಮೊದಲು. ಅಕ್ಕ ಬಾಗಿಲ ಮರೆಯಲ್ಲಿ ನಿಂತು ಒಂದೊಂದಾಗಿ ಕೇಳಿದಳು.

"ಪರೇಶಾನಿ ಏನೂ ಇಲ್ಲ ಆಪಾ. ಕುರ್ಚಿ ಮೇಲೆ ಕೂತಿರೋದು, ಅಷ್ಟೇ ಕೆಲಸ" ಅಂದರು ಅವರು.

"ಎಷ್ಟೊತ್ತು?"

"ಬೊಂಬಾಯಿಂದ ಹತ್ತಿದ್ರೆ ರಾತ್ರಿಯೆಲ್ಲ. ಆಮೇಲೆ ಇನ್ನೊಂದು ಹತ್ತಬೇಕು, ಆಮೇಲೆ ನಿಮ್ಮ ದ್ವೀಪಕ್ಕೆ ಇನ್ನೊಂದು ಸಣ್ಣದು."

"ಕಾಲು ಮಡಚ್ಕಂಡು ಕೂರಂಗಿಲ್ವಾ?"

"ಮಡಚೋಕೆ ಜಾಗ ಎಲ್ಲಿದೆ? ಮುಂದೆ ಇನ್ನೊಬ್ರ ಬೆನ್ನು."

"ಮುದ್ದೆ ಇರ್ತದಾ?"

"ಬ್ರೆಡ್ಡಿರುತ್ತೆ. ಬೆಣ್ಣೆ ಇರುತ್ತೆ, ಇಷ್ಟಿಷ್ಟೇ ಡಬ್ಬೀಲಿ. ಮಕ್ಕಳು ಗೊಂಬೆ ಆಟಕ್ಕೆ ಅಡುಗೆ ಮಾಡ್ತಾರಲ್ಲ, ಹಂಗೆ."

ಅಕ್ಕ ನಕ್ಕಳು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು, ಆದರೂ ಕೇಳಿಸಿತು.

ಅವಳ ಚಿಂತೆ ಕಾಲಿನದು. ಅವಳು ಹುಟ್ಟಿದಾಗಿನಿಂದ ನೆಲದ ಮೇಲೆ ಕೂತವಳು. ಬಸ್ಸಿನಲ್ಲಿ ಕೂಡ ಚಪ್ಪಲಿ ಬಿಟ್ಟು ಸೀಟಿನ ಮೇಲೆ ಕಾಲು ಮಡಚಿ ಕೂರುತ್ತಿದ್ದಳು. ಒಂದು ಗಂಟೆ ಕಾಲು ಇಳಿಬಿಟ್ಟರೆ ಪಾದ ಊದುತ್ತಿತ್ತು. ಮಾರನೆಯ ದಿನ ನಾನು ಉತ್ತರಪತ್ರಿಕೆ ತಿದ್ದುವ ಮರದ ಕುರ್ಚಿಯನ್ನು ಜಗಲಿಗೆ ಹಾಕಿಸಿಕೊಂಡು ಕೂತಳು. ಕೂತು ಅವರೆಕಾಳು ಬಿಡಿಸಿದಳು, ಹುಣಸೆಹಣ್ಣಿನ ಬೀಜ ತೆಗೆದಳು. ಅವರೆಕಾಯಿಯ ಕಾಲ ಅದಲ್ಲ, ಈಗ ಹೊಳೆಯಿತು, ಹುಣಸೆಹಣ್ಣೇ ಇರಬೇಕು. ದಿನ ದಿನ ಸ್ವಲ್ಪ ಸ್ವಲ್ಪ ಹೊತ್ತು ಹೆಚ್ಚಿಸಿದಳು. ದಾರಿಯಲ್ಲಿ ಹೋಗುವವರು ಸುಮ್ಮನೆ ಹೋಗುತ್ತಿರಲಿಲ್ಲ.

"ಏನಕ್ಕೋ, ಪರೀಕ್ಷೆ ಬರೀತಿದೀಯಾ?"

"ಇಮಾನದಾಗಿವ್ನಿ ಕಣೇ. ಮಾತಾಡುಸ್ಬೇಡ" ಅನ್ನುತ್ತಿದ್ದಳು ಅಕ್ಕ, ಕತ್ತು ತಿರುಗಿಸದೆ.

ಒಂದು ಸಂಜೆ ಹಾಗೆ ಕೂತವಳು ನನ್ನನ್ನು ಕೇಳಿದಳು: "ಅಲ್ಲಿ ನಮ್ಮೋರು ಯಾರೂ ಇರಾಕಿಲ್ಲ ಅಲ್ವಾ?"

"ಯಾರಿರ್ತಾರೆ ಅಲ್ಲಿ?"

"ಒಬ್ರೂ?"

"ಒಬ್ರೂ ಇಲ್ಲ ಅಕ್ಕ. ಹೆದ್ರಬೇಡ, ನಾನಿರ್ತೀನಲ್ಲ" ಎಂದೆ.

ಹೆದರಿಕೆ ಎಂದು ತಿಳಿದವಳು ನಾನು. ಭೂಗೋಳ ಹೇಳಿಕೊಡುವವಳು.

ಹೊರಡುವ ಮುಂಚೆ ಹೂ ಕೇಳಬೇಕು ಎಂದಳು ಅವ್ವ. ನಮ್ಮ ಮನೆದೇವರು ಸಿರಾ ತಾಲ್ಲೂಕಿನ ಒಂದು ಹಳ್ಳಿಯಲ್ಲಿದೆ. ಅಲ್ಲಿ ದೇವರ ತಲೆಯ ಎರಡೂ ಬದಿಗೆ ಒದ್ದೆ ಹೂ ಅಂಟಿಸುತ್ತಾರೆ. ಕೇಳುವವರು ತಮ್ಮ ಕಾರ್ಯ ಹೇಳಿ ಕೈಮುಗಿದು ಕಾಯಬೇಕು. ಬಲಗಡೆಯ ಹೂ ಬಿದ್ದರೆ ಅಪ್ಪಣೆ, ಎಡಗಡೆಯದು ಬಿದ್ದರೆ ಇಲ್ಲ. ಪೂಜೆಯವರು ನಮಗೆ ದೂರದ ಸಂಬಂಧದಲ್ಲಿ ಮಾವನಾಗಬೇಕು.

"ಎಲ್ಲಿಗೆ?" ಎಂದ ಮಾವ.

"ಪಡುವಲಿಗೆ. ಸಮುದ್ರದಾಚೆ" ಎಂದೆ ನಾನು.

"ಏನ್ ಕಾರ್ಯ?"

ನನಗೆ ಬಾಯಿಗೆ ಬಂದದ್ದು ಇದು: "ನೋಡ್ಕೊಂಡು ಬರೋಕೆ, ಮಾವ."

"ನೋಡ್ಕಂಡ್ ಬರಾಕೆಲ್ಲ ಹೂ ಕೊಡಾಕಿಲ್ಲ ಕಣಮ್ಮ. ದೇವ್ರೇನು ಬಸ್ ಕಂಡಕ್ಟ್ರಾ, ಕೇಳ್ದೋರ್ಗೆಲ್ಲ ಹರ್ದು ಕೊಡಾಕೆ? ಕಾರ್ಯ ಯೋಳು."

ಅಕ್ಕ ಮುಂದೆ ಬಂದಳು. "ಬಾಣಂತನ" ಎಂದಳು. ದನಿ ಸ್ಪಷ್ಟವಾಗಿತ್ತು. ಗುಡಿಯಲ್ಲಿದ್ದವರೆಲ್ಲ ಕೇಳುವಷ್ಟು.

ನಾವು ಕಾದೆವು. ಅಕ್ಕ ಕಣ್ಣು ಮುಚ್ಚಿರಲಿಲ್ಲ, ಆ ಬಲಗಡೆಯ ಹೂವನ್ನೇ ನೋಡುತ್ತಿದ್ದಳು, ಮಕ್ಕಳು ಮರದ ಮೇಲಿನ ಕಾಯಿ ನೋಡುವ ಹಾಗೆ. ಎಷ್ಟು ಹೊತ್ತಾಯಿತೋ. ಬಿತ್ತು. ಬಲಗಡೆಯದೇ. ಅವಳು ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಟೆಲಿಫೋನಿನ ಸಂಗತಿಗೆ ಬರುವ ಮುಂಚೆ ನಾನು ಎರಡು ಸಲ ಎದ್ದು ಹೋಗಿ ಬಂದೆ. ಬರೆಯದೆ ಬಿಡಬಹುದಿತ್ತು.

ನಮ್ಮ ಬೀದಿಯಲ್ಲಿ ಫೋನಿದ್ದದ್ದು ಹುಣಸೆಹಣ್ಣಿನ ಮಂಡಿ ಸಾಹುಕಾರರ ಮನೆಯಲ್ಲಿ. ಯಾವ ದಿನ ಯಾವ ವಿಮಾನ ಎಂದು ಮಾತಾಡಿ ಗೊತ್ತುಮಾಡಿಕೊಳ್ಳಲು ದೊರೆಸಾನಿ ಅಲ್ಲಿಗೆ ಫೋನು ಮಾಡುವುದಾಗಿ ಬರೆದಿದ್ದಳು. ಆ ಸಂಜೆ ಸಾಹುಕಾರರ ನಡುಮನೆ ತುಂಬ ಹೆಂಗಸರು. ಅಷ್ಟು ದೂರದ ಮಾತು ಹೇಗಿರುತ್ತದೆ ಎಂದು ಕೇಳಲು ಬಂದವರು. ಅವ್ವ ಗೋಡೆಗೆ ಒರಗಿ ಕೂತಿದ್ದಳು. ಅಕ್ಕ ನನ್ನ ಪಕ್ಕಕ್ಕೇ ನಿಂತಿದ್ದಳು, ಒಗೆದ ಸೀರೆ ಉಟ್ಟಿದ್ದಳು.

ಗಂಟೆ ಬಾರಿಸಿತು. ನಾನು ಇಂಗ್ಲಿಷಿನಲ್ಲಿ ಕೂಗಿದೆ. ಅತ್ತಲಿಂದ ಅವಳೂ ಕೂಗಿದಳು. ದಿನ ಗೊತ್ತಾಯಿತು, ಬೊಂಬಾಯಿಂದ ಹೊರಡುವ ವಿಮಾನ ಗೊತ್ತಾಯಿತು, ನಡುವೆ ಇಳಿಯುವ ಊರಿನಲ್ಲಿ ಅವಳ ಸ್ನೇಹಿತೆ ಬಂದು ನಮ್ಮನ್ನು ಕೈಹಿಡಿದು ಇನ್ನೊಂದಕ್ಕೆ ಹತ್ತಿಸುತ್ತಾಳೆ ಎಂದಾಯಿತು. ಅಷ್ಟರಲ್ಲಿ ಸಾಹುಕಾರರ ಹೆಂಡತಿ ನನ್ನ ಮೊಣಕೈ ತಿವಿದರು.

"ಎಷ್ಟ್ ತಿಂಗ್ಳಂತೆ ಕೇಳಿ ಟೀಚರಮ್ಮ."

"ಅದೆಲ್ಲ ಬೇಡ" ಎಂದೆ.

"ಕೇಳ್ರಿ, ಎಷ್ಟು ಕಟ್ಟಿಸ್ಬೇಕೋ ಖಾರದ ಪುಡಿ, ಗೊತ್ತಾಗ್ಬೇಕಲ್ಲ."

ಎಲ್ಲರೂ ಕೇಳಿ ಕೇಳಿ ಎಂದರು. ಅಕ್ಕ ನನ್ನ ತೋಳು ಹಿಡಿದಳು ಎಂದು ಬರೆಯಲು ಕೈ ಹೋಗುತ್ತದೆ, ತಡೆಯಲು ಹಿಡಿದಳು ಎಂದು. ಹಿಡಿದಳೋ, ಅಥವಾ ನಾನು ಆಮೇಲಿನ ವರ್ಷಗಳಲ್ಲಿ ಅವಳ ಕೈಯನ್ನು ಅಲ್ಲಿ ತಂದು ಇಟ್ಟೆನೋ ತಿಳಿಯದು.

ಕೇಳಿಬಿಟ್ಟೆ. ಇವರೆಲ್ಲ ನೀನು ಬಸುರಿ ಎಂದುಕೊಂಡಿದ್ದಾರೆ, ಎಷ್ಟು ತಿಂಗಳು ಎಂದು ಕೇಳುತ್ತಿದ್ದಾರೆ ಎಂದೆ. ಅತ್ತ ಅವಳು ನಗತೊಡಗಿದಳು. ದೊಡ್ಡ ನಗು, ಫೋನಿನಿಂದ ಹೊರಗೆ ಬಂದು ನಡುಮನೆಯಲ್ಲೆಲ್ಲ ಕೇಳಿಸಿತು. ಆ ನಗು ಕೇಳಿ ನನಗೂ ನಗು ಬಂತು. ಅವಳ ಜೊತೆ ಸೇರಿ ನಕ್ಕೆ, ಇವರೆಲ್ಲರ ಎದುರಿಗೆ ನಿಂತು. ನಗುತ್ತಲೇ ಕನ್ನಡದಲ್ಲಿ ಹೇಳಿದೆ: "ಇಲ್ವಂತೆ. ಬಸುರಿಯೂ ಇಲ್ಲ, ಬಾಣಂತೀನೂ ಇಲ್ಲ. ನಾನು ಮೊದ್ಲಿಂದ ಹೇಳ್ತಿರ್ಲಿಲ್ವಾ? ಸುಮ್ನೆ ಕುಣಿಯೋಕೆ ಬನ್ನಿ ಅಂತ ಕರ್ದಿರೋದು."

ಸತ್ಯ ಹೇಳಬೇಕೆಂದು ಹೇಳಿದ್ದಲ್ಲ ಅದು. ಅತ್ತ ನಗುವವಳಿಗೆ ನಾನು ಇವರಂಥವಳಲ್ಲ ಎಂದು ತೋರಿಸಬೇಕಿತ್ತು.

ಸಾಹುಕಾರರ ಹೆಂಡತಿ, "ಕುಣಿಯಾಕಾ?" ಎಂದರು. ಯಾರೋ ಕಿಸಕ್ಕೆಂದರು. "ಈ ವಯಸ್ಸಲ್ಲಿ ನಮ್ಮಕ್ಕಯ್ಯ ಕುಣಿಯಾಕೆ ಹೊಂಟಿತ್ತಾ?" ಎಂದು ಇನ್ನೊಬ್ಬಳು. ಅಕ್ಕ ಸೆರಗನ್ನು ತಲೆಗೆ ಎಳೆದುಕೊಂಡಳು. ಆಮೇಲೆ ಕೈ ಚಾಚಿ ಫೋನು ಇಸಕೊಂಡು, "ಚೆನ್ನಾಗಿದೀಯಾ ತಾಯಿ? ಉಂಡ್ಯಾ?" ಎಂದು ಕೇಳಿದಳು. ಅತ್ತ ಏನೆಂದಳೋ. ಅಕ್ಕ "ಹೂಂ, ಹೂಂ" ಎಂದು ನನ್ನ ಕೈಗೆ ಕೊಟ್ಟಳು.

ಮನೆಗೆ ಬರುವಾಗ ಅವ್ವನೊಬ್ಬಳೇ ಮಾತಾಡಿದ್ದು. ಬಾಣಂತನಕ್ಕೆ ಅಂತ ಕೊಟ್ಟ ಹೂವ, ಬಾಣಂತನ ಇಲ್ಲ ಅಂದ್ಮೇಲೆ ಆ ಹೂವ ನಡ್ಯಾಕಿಲ್ಲ. ಕೇಳ್ದೋಳು ಇವ್ಳು. ಇವ್ಳು ಹೊಸಲು ದಾಟಿದ್ರೆ ದೇವ್ರಿಗೆ ಸುಳ್ಳಾಡಿದಂಗೆ. ನನ್ನ ಕುರಿತು ಅವ್ವ ಏನೂ ಹೇಳಲಿಲ್ಲ. ನಾನು ಓದಿದವಳು, ನನ್ನ ಲೆಕ್ಕವನ್ನು ದೇವರು ಬೇರೆ ಇಟ್ಟಿದ್ದಾನೆ ಎಂದು ಅವಳ ನಂಬಿಕೆ.

ಮಾರನೆಯ ದಿನ ಅಕ್ಕ ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದಳು. ನಾನು ಶಾಲೆಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದೆ. ತಲೆ ಎತ್ತದೆ ಹೇಳಿದಳು:

"ಆ ಮಾತ ಮನೇಗ್ ಬಂದು ಯೋಳ್ಬೋದಾಗಿತ್ತಲ್ಲೇ."

"ಯಾವ ಮಾತು?"

"ಇಲ್ವಂತೆ ಅಂದ್ಯಲ್ಲ."

"ನಿಂಗೆ..." ಎಂದೆ.

"ಎಂಟು ಬಾಣಂತನ ಮಾಡಿವ್ನಿ. ಕಾಗ್ದ ಓದ್ದೇಟ್ಗೆ ಯಾರು ಬಸುರಿ ಯಾರಲ್ಲ ಗೊತ್ತಾಗಾಕಿಲ್ವಾ ನಂಗೆ? ಅವ್ವುಂಗೆ ಏನಾದ್ರೂ ಒಂದು ಬೇಕಾಗಿತ್ತು. ದೇವ್ರಿಗೂ ಬೇಕಾಗಿತ್ತು." ಬೂದಿ ಕೈಯಿಂದಲೇ ಮುಂಗೂದಲು ಹಿಂದಕ್ಕೆ ಸರಿಸಿದಳು. "ಹೋಗು, ಬೆಲ್ ಹೊಡೀತದೆ."

ಶಾಲೆಯ ದಾರಿಯಲ್ಲಿ ನನಗೆ ಎಲ್ಲವೂ ತಿರುಗಿ ಕಂಡಿತು. ಅವಳು ಹೆಣೆದಿದ್ದಳು, ಕಾಗದ ಬಂದ ವಾರದಿಂದ, ಒಂದೊಂದೇ ಎಳೆಯಾಗಿ, ಮನೆ, ಬೀದಿ, ಪೊಲೀಸು, ದೇವರು ಎಲ್ಲರೂ ದಾರಿ ಬಿಡುವಂತೆ. ನನಗೆ ಹೇಳದೆ ಇದ್ದದ್ದು ಯಾಕೆ ಎಂದು ಆಗ ಸಿಟ್ಟು ಕೂಡ ಬಂತು. ಹೇಳಿದ್ದರೆ ನಾನು ಬಾಯಿ ಮುಚ್ಚಿಕೊಂಡಿರುತ್ತಿದ್ದೆ ಎಂದುಕೊಂಡೆ. ಈಗ ಆ ಬಗ್ಗೆ ಅಷ್ಟು ಖಾತ್ರಿಯಿಲ್ಲ. ಅವಳು ನನ್ನನ್ನು ಚೆನ್ನಾಗಿ ಬಲ್ಲವಳು.

ಅದೇ ತಿಂಗಳು ಪಾವಗಡದಲ್ಲಿ ತಮ್ಮನ ಹೆಂಡತಿಗೆ ದಿನ ತುಂಬಿತ್ತು. ಅವಳ ತವರಿನವರೇ ನೋಡಿಕೊಳ್ಳುವುದೆಂದು ಮೊದಲು ಮಾತಾಗಿತ್ತು. ಈಗ ಅವ್ವ, "ಬಾಣಂತನಾನೇ ಮಾಡಂಗಿದ್ರೆ ಮನೇದೇ ಐತಲ್ಲ" ಎಂದಳು. ಅಕ್ಕ ಸರಿ ಎಂದಳು. ಪುಡಿ, ಬಟ್ಟೆ, ಎಲ್ಲ ಸಿದ್ಧವಾಗಿಯೇ ಇತ್ತು.

ನಾನೂ ಹೋಗುವುದಿಲ್ಲ ಎಂದು ಅಕ್ಕನಿಗೆ ಹೇಳಿದೆ, ಅವಳೇ ನನ್ನನ್ನು ಒತ್ತಾಯ ಮಾಡಿ ಕಳಿಸಿದಳು ಎಂದು ಈ ಬರಹದ ಹಿಂದಿನ ಪ್ರತಿಯಲ್ಲಿ ಇತ್ತು. ಹೊಡೆದುಹಾಕಿದ್ದೇನೆ. ಹಾಗೆ ಹೇಳಿದ ನೆನಪು ನನಗಿಲ್ಲ. ಹೇಳಿರಬೇಕು ಎಂಬ ಆಸೆ ಇದೆ, ಅಷ್ಟೆ. ಅವಳನ್ನು ಪಾವಗಡದ ಬಸ್ಸಿಗೆ ಹತ್ತಿಸಿದೆ. ಅದಾದ ಮೇಲೆ ನಾನು ಹೊರಟೆ.

ದ್ವೀಪದಲ್ಲಿ ಮೂರು ವಾರ ಇದ್ದೆ.

ಶಾಲೆ ಮತ್ತೆ ಶುರುವಾಗುವ ಮುಂಚೆ ಪಾವಗಡಕ್ಕೆ ಹೋದೆ. ತಮ್ಮನ ಮನೆಯ ಹಿಂದೆ ಬಚ್ಚಲು, ಅದರಾಚೆ ಕಲ್ಲುಬಂಡೆಗಳ ಬಯಲು. ಒಳಗಿನ ಕೋಣೆಯಿಂದ ತಮ್ಮನ ಹೆಂಡತಿ ತನ್ನ ತೆಲುಗಿನಲ್ಲಿ, "ಎಪ್ಪುಡೊಸ್ತಿವಿ ವದಿನಾ?" ಎಂದಳು. ಈಗಷ್ಟೇ ಬಂದೆ ಎಂದು ಬಚ್ಚಲಿಗೆ ಹೋದೆ. ಅಕ್ಕ ಮಣೆಯ ಮೇಲೆ ಕೂತು ಎರಡು ಕಾಲನ್ನೂ ಚಾಚಿ, ಅದರ ಮೇಲೆ ಕೂಸನ್ನು ಬೋರಲು ಮಲಗಿಸಿಕೊಂಡು ನೀರು ಹಾಕುತ್ತಿದ್ದಳು. ಹಂಡೆ ಕುದಿಯುತ್ತಿತ್ತು. ಹೊಗೆಗೆ ಕಣ್ಣು ಉರಿಯಿತು.

"ಬಂದ್ಯಾ" ಅಂದಳು. "ಹೆಂಗಿತ್ತು?"

ದಾರಿಯುದ್ದಕ್ಕೂ ಇದಕ್ಕೆ ಉತ್ತರ ಸಿದ್ಧ ಮಾಡಿಕೊಂಡು ಬಂದಿದ್ದೆ. ಅವಳಿಗೆ ಹೊಟ್ಟೆ ಉರಿಯಬಾರದು.

"ಏನಿಲ್ಲ ಬಿಡಕ್ಕ, ದೂರದ ಬೆಟ್ಟ ನುಣ್ಣಗೆ" ಎಂದೆ. "ವಿಮಾನದಾಗೆ ಕೂತೂ ಕೂತೂ ಸೊಂಟ ಹೋಯ್ತು. ಅಲ್ಲಿ ನೋಡಿದ್ರೆ ಬರೀ ಗದ್ದಲ. ಹಾಡಂತೆ, ಕಿವಿ ಕಿತ್ತೋಗ್ತದೆ. ಮೀನು ವಾಸ್ನೆ. ಅನ್ನಕ್ಕೆ ಉಪ್ಪಿಲ್ಲ, ಖಾರ ಇಲ್ಲ. ನೀರಿಗೆ ಇಳಿದ್ರೆ ಮೈಯೆಲ್ಲ ಅಂಟು. ನೀನು ಬರ್ದೆ ಇದ್ದದ್ದೇ ಒಳ್ಳೇದಾಯ್ತು."

ಅಕ್ಕ ಕೂಸಿನ ಬೆನ್ನಿಗೆ ನೀರು ಹಾಕುವುದನ್ನು ನಿಲ್ಲಿಸಲಿಲ್ಲ. ನಾನು ಮುಂದುವರಿಸಿದೆ. ಮರಳಿನಲ್ಲಿ ಕಾಲು ಸುಟ್ಟದ್ದು, ಕುಡಿದವರು ಬೀದಿಯಲ್ಲಿ ಕೂಗಾಡಿದ್ದು, ದೊರೆಸಾನಿಗೆ ಕೆಲಸದ ಗಲಾಟೆಯಲ್ಲಿ ನಮ್ಮ ಜೊತೆ ಕೂರಲು ಪುರುಸೊತ್ತಿಲ್ಲದ್ದು. ನಮ್ಮ ಜೊತೆ ಎಂದೆ, ಬಾಯಿತಪ್ಪಿ.

ಚೆಂಬು ಹಂಡೆಯ ಅಂಚಿಗೆ ಬಡಿಯಿತು.

"ನಾನ್ ಬುಟ್ಟಿದ್ದು ಇಂಥದ್ದನ್ನೇನೇ?" ಅಂದಳು ಅಕ್ಕ.

ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡೆ, ಹೊಗೆಗೆ.

"ಅಷ್ಟೆಲ್ಲ ಮಾಡಿ, ಅಷ್ಟು ಜನದ್ ತಾವ ಅನ್ನುಸ್ಕಂಡು, ನಾನ್ ಕಳ್ಕಂಡಿದ್ದು ಮೀನು ವಾಸ್ನೆ, ಉಪ್ಪಿಲ್ಲದನ್ನ ಅಂತ ಯೋಳಾಕೆ ಬಂದ್ಯಾ ಇಲ್ಲೀಗಂಟ?" ದನಿ ಏರಿರಲಿಲ್ಲ. ಕೂಸು ಅತ್ತಿತು, ಅದನ್ನು ಮಗುಚಿ ಮುಖ ಒರೆಸಿದಳು. "ಚೆನ್ನಾಗಿತ್ತು ಅನ್ನೇ. ಚೆನ್ನಾಗಿತ್ತು ಅಂತ ಯೋಳು."

"ಚೆನ್ನಾಗಿತ್ತಕ್ಕ."

"ಅಂಗಲ್ಲ. ಕೂತ್ಕಂಡು ಯೋಳು. ಮೊದ್ಲಿಂದ."

ಬಚ್ಚಲ ಹೊಸಲಿನ ಮೇಲೆ ಕೂತು ಹೇಳತೊಡಗಿದೆ. ನೀರಿನ ಬಣ್ಣ ಹೇಳಿದೆ, ಬೆಳಗಿಗೊಂದು, ಸಂಜೆಗೊಂದು. ಮುದುಕಿಯರು ಕೂಡ ಕುಣಿದರು ಎಂದೆ. ಆಮೇಲೆ ಯಾರು ಕುಣಿದರು ಎಂದು ಕೇಳಿದಳು, ನಾನೂ ಎಂದೆ. ಹೆಂಗೆ ಎಂದಳು. ಎದ್ದು ನಿಂತು ಹೊಗೆಯಲ್ಲಿ ಎರಡು ಹೆಜ್ಜೆ ತೋರಿಸಿದೆ. ಅವಳು ಕೂಸಿಗೆ ಎಣ್ಣೆ ಹಚ್ಚುತ್ತಾ, ಆಮೇಲೆ, ಆಮೇಲೆ ಅನ್ನುತ್ತಿದ್ದಳು. ನಿಜವಾಗಿ ಕಂಡದ್ದು ಬೇಗ ಮುಗಿಯಿತು. ಅವಳು ಕೇಳುವುದು ಮುಗಿಯಲಿಲ್ಲ. ಹಾಗಾಗಿ ಒಂದು ಮಳೆ ಸೇರಿಸಿದೆ, ಒಂದು ದೋಣಿ ಸೇರಿಸಿದೆ, ದೋಣಿಯಲ್ಲಿ ನಮ್ಮನ್ನು ನೋಡಿ ಕೈ ಬೀಸಿದ ಒಬ್ಬ ಮುದುಕನನ್ನು ಕೂರಿಸಿದೆ.

ಈಗ ಆ ದ್ವೀಪ ಎಂದರೆ ನನಗೆ ಮೊದಲು ಕಾಣುವವನು ಆ ಮುದುಕ. ಉಳಿದದ್ದರಲ್ಲಿ ಯಾವುದು ಅಲ್ಲಿಯದು, ಯಾವುದು ಪಾವಗಡದ ಬಚ್ಚಲಿನದು ಎಂದು ಬಿಡಿಸಲು ನೋಡಿದ್ದೇನೆ, ಆಗಿಲ್ಲ.